ದುರುಗವ್ವನ ಒಂಬತ್ತು ಬದಲಿ ರಜೆ

ನವಿಲುದುರ್ಗದ ದೊರೆ ಬೊಮ್ಮರಸನ ಓಲಗದಲ್ಲಿ ಒಂದು ದಿನ ಶೇಷಾವಧಾನಿಗಳು ಎದ್ದು ನಿಂತು ಶಾಲು ಸರಿಮಾಡಿಕೊಂಡರು. ಅವರು ಅರಮನೆಯ ಮಹಾಪಾಠಶಾಲೆಯ ಪಾರುಪತ್ಯಗಾರರು. ಅಲ್ಲಿನ ಆಳುಕಾಳು, ದವಸಧಾನ್ಯ, ಬೀಗದಕೈ ಎಲ್ಲ ಅವರದೇ ಹಿಡಿತ.

"ಪ್ರಭು, ಹಬ್ಬದ ದಿನ ದುಡಿದ ಆಳುಗಳಿಗೆ ಇನ್ನೊಂದು ದಿನ ಕೂಲಿ ಸಮೇತ ಬದಲಿ ರಜೆ ಕೊಡಬೇಕೆಂದು ತಮ್ಮ ಅಪ್ಪಣೆಯಾಗಿತ್ತು. ಕೊಟ್ಟಿದ್ದೇನೆ. ಯಾರಿಗಾದರೂ ಒಂದೇ ಒಂದು ರಜೆ ಬಾಕಿ ಇದೆಯೆಂದು ಈ ಸಭೆಯಲ್ಲಿ ಯಾರಾದರೂ ತೋರಿಸಲಿ, ನೋಡೋಣ."

ಯಾರೂ ತೋರಿಸಲಿಲ್ಲ. ದೊರೆ ಮೆಚ್ಚಿ ತಾಂಬೂಲ ಕೊಟ್ಟ. ದೊರೆಗೆ ಬಂದ ಓಲೆಗಳನ್ನು ಓದಿ ಹೇಳುವ ಸೋವಣ್ಣ ಮಾತ್ರ ಕಿವಿ ತುರಿಸಿಕೊಂಡ. ಜಂಬದ ಮಾತು ಬಿದ್ದಾಗಲೆಲ್ಲ ಅವನ ಕಿವಿ ತುರಿಸುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಅವನು ಪಾಠಶಾಲೆಯ ಬಾವಿಕಟ್ಟೆಯ ಹತ್ತಿರ ನಿಂತ. ನೀರು ಹೊರುವ ದುರುಗವ್ವ ಖಾಲಿ ಕೊಡ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ಆ ಊರು ಕಂಡಿರಲಿಲ್ಲ.

"ಯಾಕಮ್ಮ ದುರುಗವ್ವ, ಹೀಗೆ ಕೂತೆ?"

"ಏನು ಹೇಳಲಿ ಸಾಮಿ. ಮಗಳಿಗೆ ಚೊಚ್ಚಲ ಹೆರಿಗೆ, ದಿನ ತುಂಬಿದೆ. ಅವಳ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಅದಕ್ಕೇ ತವರಿಗೆ ಕಳಿಸಲಿಲ್ಲ. ನಾನು ಹೋಗದಿದ್ದರೆ ಒಂದು ಲೋಟ ಬಿಸಿನೀರು ಕಾಯಿಸಿ ಕೊಡುವವರಿಲ್ಲ. ಎರಡು ದಿನದ ದಾರಿ. ನವರಾತ್ರಿ ಒಂಬತ್ತು ದಿನವೂ ನೀರು ಹೊತ್ತಿದ್ದೆನಲ್ಲ, ಆ ಒಂಬತ್ತು ಬದಲಿ ರಜೆ ಕೊಡಿ ಅಂದೆ. ಅವಧಾನಿಗಳು, ಅವೆಲ್ಲ ಕೊಟ್ಟಾಯಿತಲ್ಲ ಅಂದರು."

"ಯಾವಾಗ ಕೊಟ್ಟರಂತೆ?"

"ಅಮಾವಾಸ್ಯೆ, ಪಾಡ್ಯ, ಅಷ್ಟಮಿ."

ಸೋವಣ್ಣನಿಗೆ ತಿಳಿಯಿತು. ಆ ದಿನಗಳಲ್ಲಿ ಪಾಠ ನಡೆಯುವುದಿಲ್ಲ, ಪಾಠಶಾಲೆಗೆ ಬೀಗ.

"ಬೀಗ ಹಾಕಿದ ದಿನವೇ ರಜೆಯೋ? ಹೋಗಲಿ, ಆ ದಿನಗಳ ಕೂಲಿಯನ್ನಾದರೂ ಕೊಟ್ಟರೇ?"

"ಪಂಡಿತರಿಗಾದರೆ ವರ್ಷಕ್ಕಿಷ್ಟು ಅಂತ ಸಂಬಳ. ನಮಗೆ ಗಳಿಗೆಗೊಂದು ಹಿಡಿ ರಾಗಿ. ಬೀಗ ಹಾಕಿದ ದಿನ ಗಳಿಗೆ ಬಾರಿಸುವುದಿಲ್ಲ. ಸೊನ್ನೆ ಗಳಿಗೆಗೆ ಸೊನ್ನೆ ಹಿಡಿ ಅಂದರು ಸಾಮಿ. ಲೆಕ್ಕ ಸರಿಯಾಗೇ ಇರಬೇಕು, ಓದಿದವರು."

ಸೋವಣ್ಣನಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. "ಇನ್ನೊಂದು ವಾರ ತಡೆದುಕೋ ತಾಯಿ" ಎಂದ.

ಮೂರನೆಯ ದಿನ ದೊರೆಯ ಪಟ್ಟಾಭಿಷೇಕದ ಹಬ್ಬ. ಅರಮನೆಯಲ್ಲಿ ಸಾವಿರ ಎಲೆ. ಶೇಷಾವಧಾನಿಗಳು ಹಿಂದಿನ ರಾತ್ರಿಯೇ ಊಟ ಕಡಿಮೆ ಮಾಡಿ ಹೊಟ್ಟೆಯಲ್ಲಿ ಜಾಗ ಬಿಟ್ಟಿದ್ದರು. ಬೆಳಗಾಗುತ್ತಲೇ ಸೋವಣ್ಣ ದೊರೆಯ ಕಿವಿಯಲ್ಲಿ ಹೇಳಿದ, "ಪ್ರಭು, ಪರಊರಿನ ಪಂಡಿತರು ಬಂದಿದ್ದಾರೆ. ತಾಳೆಗರಿ ನೋಡಬೇಕು ಅಂದಾರು. ಪಾಠಶಾಲೆಯ ಗ್ರಂಥಭಂಡಾರ ತೆರೆದಿರುವುದು ಒಳ್ಳೆಯದು." ದೊರೆ ಹೌದೆಂದ. ಬೀಗದಕೈ ಅವಧಾನಿಗಳ ಸೊಂಟದಲ್ಲಿತ್ತು. ಅವರೇ ಹೋಗಿ ಕೂತರು.

ಯಾವ ಪಂಡಿತ ಹೋಳಿಗೆ ಬಿಟ್ಟು ತಾಳೆಗರಿ ನೋಡಲು ಹೋಗುತ್ತಾನೆ? ಅವಧಾನಿಗಳು ಸಂಜೆಯವರೆಗೆ ಕಿಟಕಿಯಿಂದ ಬರುವ ತುಪ್ಪದ ವಾಸನೆ ಕುಡಿದುಕೊಂಡು ಕೂತರು. ಎದ್ದು ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಕವುಚಿದ್ದರು.

ಮರುದಿನ ಓಲಗದಲ್ಲಿ ಅವರ ಮುಖ ನೋಡಿ ದೊರೆಗೇ ಪಾಪವೆನಿಸಿತು.

"ನಮ್ಮ ಕೆಲಸಕ್ಕಾಗಿ ಊಟ ತಪ್ಪಿಸಿಕೊಂಡಿರಿ. ಅದಕ್ಕೆ ಬದಲಿ ಊಟ ಹಾಕಿಸುತ್ತೇವೆ. ಸೋವಣ್ಣ, ದಿನ ನೀನೇ ಗೊತ್ತುಮಾಡು."

"ಅಪ್ಪಣೆ ಪ್ರಭು. ಒಂದು ಹೋಳಿಗೆಯೂ ಬಾಕಿ ಉಳಿಯದ ಹಾಗೆ ನೋಡಿಕೊಳ್ಳುತ್ತೇನೆ."

ನಾಲ್ಕು ದಿನ ಕಳೆಯಿತು. ಬೆಳಿಗ್ಗೆ ಅವಧಾನಿಗಳು ಜಪ ಮುಗಿಸುವಷ್ಟರಲ್ಲಿ ಅರಮನೆಯಿಂದ ಕರೆ ಬಂತು, ದೊರೆ ಕಾಯುತ್ತಿದ್ದಾರೆ, ಕೂಡಲೇ ಬರಬೇಕಂತೆ. ಹೋದರು. ನಡುಮನೆಯಲ್ಲಿ ಒಂದೇ ಒಂದು ಎಲೆ, ಸುತ್ತ ರಂಗೋಲಿ. ಎಲೆಯ ಮೇಲೆ ಹೋಳಿಗೆ, ಚಿತ್ರಾನ್ನ, ಕೋಸಂಬರಿ, ಆಂಬೊಡೆ. ಎದುರಿಗೆ ದೊರೆ ಕೂತಿದ್ದ, ಪಕ್ಕದಲ್ಲಿ ತುಪ್ಪದ ಗಿಂಡಿ ಹಿಡಿದು ಸೋವಣ್ಣ ನಿಂತಿದ್ದ.

"ಬನ್ನಿ ಅವಧಾನಿಗಳೇ. ತಮ್ಮ ಬದಲಿ ಊಟ."

ಅವಧಾನಿಗಳು ಎಲೆ ನೋಡಿದರು, ಎಂಜಲು ನುಂಗಿದರು. "ಏನಯ್ಯ ಇದು. ಇವತ್ತು ಏಕಾದಶಿ. ಇವತ್ತು ನಾನು ನೀರನ್ನೂ ಮುಟ್ಟುವುದಿಲ್ಲ, ಇಡೀ ಊರಿಗೆ ಗೊತ್ತು."

"ಮುಟ್ಟುವುದು ಬಿಡುವುದು ತಮ್ಮ ವ್ರತ. ಬಡಿಸುವುದು ನಮ್ಮ ಕೆಲಸ, ಬಡಿಸಿದ್ದೇವೆ. ಪ್ರಭು, ಅವಧಾನಿಗಳ ಊಟ ಕೊಟ್ಟಾಯಿತು ಎಂದು ಬರೆಸಿಬಿಡಲೇ?"

"ಉಣ್ಣಲಾಗದ ದಿನ ಬಡಿಸಿದರೆ ಅದು ಊಟ ಹೇಗಾಗುತ್ತದೆ ಪ್ರಭು?" ಅವಧಾನಿಗಳ ದನಿ ಅಳುವ ಹಾಗಿತ್ತು. "ಇದು ನ್ಯಾಯವೇ?"

"ನ್ಯಾಯ ನಮಗೆ ತಿಳಿಯದು" ಎಂದ ಸೋವಣ್ಣ. "ಬೀಗ ಹಾಕಿದ ಅಷ್ಟಮಿಯ ದಿನ ತಾವು ದುರುಗವ್ವನಿಗೆ ರಜೆ ಕೊಟ್ಟಿರಲ್ಲ, ಆ ಶಾಸ್ತ್ರ ನೋಡಿ ಈ ಶಾಸ್ತ್ರ ಮಾಡಿದೆವು."

ದೊರೆ ಹುಬ್ಬೇರಿಸಿದ. ಸೋವಣ್ಣ ನಡೆದದ್ದನ್ನೆಲ್ಲ ಹೇಳಿದ. ಮಗಳ ಹೆರಿಗೆ, ಒಂಬತ್ತು ದಿನ, ಸೊನ್ನೆ ಹಿಡಿ ರಾಗಿ. ಅವಧಾನಿಗಳು ತಲೆ ತಗ್ಗಿಸಿದರು. ತಗ್ಗಿಸಿದರೆ ಅಲ್ಲೂ ಹೋಳಿಗೆಯೇ ಕಾಣುತ್ತಿತ್ತು.

"ನೀವೇ ಹೇಳಿ ಅವಧಾನಿಗಳೇ" ಎಂದ ದೊರೆ. "ಬದಲಿ ಎನ್ನುವುದನ್ನು ಯಾವ ದಿನ ಕೊಡಬೇಕು?"

ಅವರು ಶಾಲು ಹೆಗಲಿನಿಂದ ಇಳಿಸಿ ಕೈಮುಗಿದರು. "ಹಸಿದವರು ಉಣ್ಣಬಹುದಾದ ದಿನ, ಪ್ರಭು."

ಅಂದೇ ಬೀಗದಕೈಯ ಗೊಂಚಲು ಇನ್ನೊಬ್ಬರ ಕೈ ಸೇರುವುದಿತ್ತು. ಅವಧಾನಿಗಳು ತಾವೇ ಪಾಠಶಾಲೆಗೆ ಓಡಿ ದುರುಗವ್ವನಿಗೆ ಒಂಬತ್ತು ದಿನದ ರಾಗಿ ಅಳೆದುಕೊಟ್ಟು, ದಾರಿಗೆ ಗಾಡಿ ಹೂಡಿಸಿದ್ದರಿಂದ ದೊರೆ ಕ್ಷಮಿಸಿದ. ಉಳಿದ ಆಳುಗಳಿಗೂ ಅವರವರು ಕೇಳಿದ ದಿನ ರಜೆ ಸಿಕ್ಕಿತು. ದುರುಗವ್ವ ಹೋಗಿ ಮುಟ್ಟಿದ ಮರುದಿನವೇ ಮೊಮ್ಮಗಳು ಹುಟ್ಟಿದಳು.

ಅದು ಆಮೇಲಿನ ಮಾತು. ಅವಧಾನಿಗಳು ಓಡಿದ ಮೇಲೆ ನಡುಮನೆಯಲ್ಲಿ ಎಲೆ ಹಾಗೇ ಉಳಿದಿತ್ತು. ಸೋವಣ್ಣ ಗಿಂಡಿ ಕೆಳಗಿಟ್ಟು ಎಲೆಯ ಮುಂದೆ ಕೂತ.

"ಏನಯ್ಯ, ನಿನಗೆ ಏಕಾದಶಿ ಇಲ್ಲವೇ?" ಎಂದು ದೊರೆ ಕೇಳಿದ.

"ಉಂಟು ಪ್ರಭು. ಆದರೆ ನನ್ನ ಏಕಾದಶಿ ಪಂಚಾಂಗದಲ್ಲಿ ಬರುವುದಿಲ್ಲ. ಮನೆಯಲ್ಲಿ ಅಕ್ಕಿ ಮುಗಿದ ದಿನ ಬರುತ್ತದೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಸಂಜೆ ಹತ್ತು ಮೂಟೆ ಸಣ್ಣಕ್ಕಿ ಸೋವಣ್ಣನ ಮನೆಬಾಗಿಲಿಗೆ ಬಂದು ಇಳಿಯಿತು.