ಚೆನ್ನಿಯ ಗಂಟಲೂ ಬೇವಿನಮರದ ಕಾಗೆಯೂ

ನಮ್ಮ ತವರಿನ ಕಡೆ ಸಾಕವ್ವ ಅಂತ ಒಬ್ಬಳಿದ್ದಳು. ಅವಳ ಮಗ ಬಿಳಿಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮಂಡಿಯವರೆಗೆ ಬಂದು ನಿಂತಿತ್ತು. "ಹಾಲು ನೋಡೋ" ಅಂದರೆ ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ಇರುವವನು.

ಸಾಕವ್ವನ ಮಗಳ ಮಗು ಚೆನ್ನಿಗೆ ಎರಡು ವರ್ಷ. ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು, ಹಾಲು ಕುಡಿದರೆ ಮುಖ ನೀಲಿಗಟ್ಟುತ್ತಿತ್ತು. ಮೇಲಿಂದ ಮೇಲೆ ಎದೆಯಲ್ಲಿ ಕಫ, ಜ್ವರ. ಹೀಗೇ ಬಿಟ್ಟರೆ ಮಗು ಉಳಿಯುವುದಿಲ್ಲ ಅಂತ ಸಾಕವ್ವನಿಗೆ ದಿಗಿಲು. ಮಗುವಿನ ತಾಯಿ ಹಸಿ ಬಾಣಂತಿ, ಸಾಕವ್ವನಿಗೆ ಮಂಡಿನೋವು. ದೊಡ್ಡಾಸ್ಪತ್ರೆಗೆ ಬಿಳಿಗನೇ ಹೊತ್ತುಕೊಂಡು ಹೋದ.

"ನುಂಗಿದ್ದು ಎತ್ತ ಹೋಗುತ್ತೆ ಅಂತ ಎಕ್ಸ್‌ರೇಯಲ್ಲಿ ನೋಡಬೇಕು. ಮನೇಲಿ ಮಗು ಏನೇನು ತಿನ್ನುತ್ತೋ ನಾಳೆ ತಗೊಂಡು ಬಾ" ಅಂದರು ಡಾಕ್ಟರಮ್ಮ.

ಬಿಳಿಗ ಸಂಜೆಯೆಲ್ಲ ಚೆನ್ನಿಯ ಹಿಂದೆಯೇ ತಿರುಗಿದ. ಮಾರನೆಯ ದಿನ ಡಾಕ್ಟರಮ್ಮನ ಮೇಜಿನ ಮೇಲೆ ಸಾಲಾಗಿ ಇಟ್ಟ: ಅರ್ಧ ಬಳಪ, ಗೋಡೆಯ ಸುಣ್ಣದ ಚಕ್ಕೆ, ಸಾಕವ್ವನ ಸೀರೆಯಿಂದ ಕತ್ತರಿಸಿದ ಸೆರಗಿನ ತುದಿ.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒನಕೆಯೇ!" ಡಾಕ್ಟರಮ್ಮ ಮನೆಗೆ ವಾಪಸು ಕಳಿಸಿದ ಮಗನನ್ನು ಸಾಕವ್ವ ಮೋಟು ಸೆರಗು ಹಿಡಿದುಕೊಂಡು ಬೈದಳು. "ಗಂಜಿ, ಹಾಲು, ನೀರು ತಗೊಂಡು ಹೋಗೋ! ಮನೇಲಿ ಹೆಂಗೆ ಕುಡಿಸ್ತೀವೋ ಹಂಗೇ ಅಲ್ಲೂ ಕುಡಿಸೋ!"

"ಹಂಗೇ ಆಗಲವ್ವ."

ಮತ್ತೆ ಹೋದ. ಡಾಕ್ಟರಮ್ಮ ಗಂಜಿಗೂ ನೀರಿಗೂ ಎಕ್ಸ್‌ರೇಯಲ್ಲಿ ಕಾಣಿಸುವ ಬಿಳಿ ಔಷಧಿ ಬೆರೆಸಿದರು. ಯಂತ್ರದ ಕಿರಣ ತಾಗದಿರಲಿ ಅಂತ ಬಿಳಿಗನಿಗೆ ಸೀಸದ ಭಾರದ ಅಂಗಿ ತೊಡಿಸಿದರು. ಯಂತ್ರ ಹಾಕಿ ನೋಡಿದರೆ ಕುರ್ಚಿ ಖಾಲಿ! ಬಿಳಿಗ ಸೀಸದಂಗಿಯಲ್ಲೇ ಚೆನ್ನಿಯನ್ನು ಎತ್ತಿಕೊಂಡು ಆಸ್ಪತ್ರೆ ಅಂಗಳದ ಬೇವಿನಮರದ ಕೆಳಗೆ ನಿಂತು, "ಅಗೋ ಕಾಗೆ, ಆ ಅನ್ನು" ಅನ್ನುತ್ತಿದ್ದ.

"ಏನಪ್ಪಾ ಇದು!"

"ಮನೇಲಿ ಹಿಂಗೇ ಕುಡಿಸೋದು ಅಮ್ಮ."

"ಯಂತ್ರದ ಮುಂದೆ ಕೂರಿಸಿ ಕುಡಿಸಬೇಕು ಕಣಪ್ಪ!"

ಕೂರಿಸಿದರೆ ಚೆನ್ನಿ ಬಾಯಿ ಬಿಗಿದಳು. ನರ್ಸಮ್ಮ ರಮಿಸಿದರು, ಡಾಕ್ಟರಮ್ಮ ಗಿಲಕಿ ಆಡಿಸಿದರು. ಊಹೂಂ. ಹೀಗಾದರೆ ಮಗುವಿನ ರೋಗ ತಿಳಿಯುವುದು ಹೇಗೆ? ಡಾಕ್ಟರಮ್ಮನಿಗೆ ರೇಗಿತು.

"ಹಾಗಾದರೆ ಆ ಕಾಗೆನೇ ಇಲ್ಲಿಗೆ ಕರಿ!"

ಬಿಳಿಗ ಕರೆದ. "ಕಾ! ಕಾ! ಕಾ!"

ಎಲ್ಲಿ ಕಾಗೆ ಅಂತ ಚೆನ್ನಿ ಕತ್ತೆತ್ತಿ ಬಾಯಿ ತೆರೆದಳು. ಚಮಚ ಒಳಗೆ ಹೋಯಿತು. ಯಂತ್ರದ ತೆರೆಯ ಮೇಲೆ ಎಲ್ಲ ಕಾಣಿಸಿತು: ಗಂಜಿ ನೆಟ್ಟಗೆ ಹೊಟ್ಟೆಗೆ ಇಳಿಯಿತು, ನೀರು ಉಸಿರಿನ ದಾರಿಗೆ ಜಾರಿತು.

"ತೆಳ್ಳಗಿನದೇ ಕಾಟ" ಅಂದರು ಡಾಕ್ಟರಮ್ಮ. "ಸದ್ಯಕ್ಕೆ ಹಾಲು, ನೀರು ಎಲ್ಲ ಗಂಜಿಯಷ್ಟು ಗಟ್ಟಿ ಮಾಡಿ ಕೊಡಿ."

ಮನೆಗೆ ಬಂದು ಹೇಳಿದ. ಸಾಕವ್ವ ರಾಗಿಹಿಟ್ಟು ಕದಡಿ ಹಾಗೇ ಮಾಡಿ ಕುಡಿಸಿದಳು. ಚೆನ್ನಿ ಕೆಮ್ಮಲಿಲ್ಲ! ಸಾಕವ್ವ ಕಣ್ಣೊರೆಸಿಕೊಂಡು, "ಲೋ ಬಿಳಿಗ, ಇನ್ನು ಈ ಮನೇಲಿ ತೆಳ್ಳನೆ ನೀರು ಅನ್ನೋದೇ ಇರಬಾರದು, ತಿಳೀತಾ?" ಅಂದಳು.

"ತಿಳೀತವ್ವ."

ಬೆಳಿಗ್ಗೆ ಸಾಕವ್ವ ಬಚ್ಚಲಿಗೆ ಹೋಗಿ, ಹಂಡೆಗೆ ಚೊಂಬು ಅದ್ದಿ, ಕಣ್ಣುಮುಚ್ಚಿ ತಲೆಯ ಮೇಲೆ ಸುರಿದುಕೊಂಡಳು. ಸುರಿದದ್ದು ಇಳಿಯಲಿಲ್ಲ, ಅಲ್ಲೇ ಕೂತಿತು. ಬಿಳಿಗ ಹಂಡೆಯ ನೀರಿಗೆ ಒಂದು ಮೂಟೆ ರಾಗಿಹಿಟ್ಟು ಕದಡಿ ಕಾಸಿಟ್ಟಿದ್ದ!

ಸೀರೆ ಸುತ್ತಿಕೊಂಡು ಹೊರಗೆ ಬಂದಳು. ನೆತ್ತಿಯಿಂದ ಗಂಜಿ ಮೂಗಿನವರೆಗೆ ಜಗ್ಗುತ್ತಿತ್ತು. ಬೈಯಲು ಬಾಯಿ ತೆರೆದರೆ ಗಂಜಿ ಒಳಗೆ ಹೋದೀತೆಂದು ತುಟಿ ಬಿಗಿದಳು.

ಬಿಳಿಗ ನೋಡಿದ. ಮುಂದೆ ಗಂಜಿ ಇದೆ, ಬಾಯಿ ತೆರೆಯುತ್ತಿಲ್ಲ.

"ತಾಳವ್ವ, ನಂಗೊತ್ತು" ಅಂದವನೇ ಎರಡು ಕೈ ಬಡಿಯುತ್ತ ಸುತ್ತಲೂ ಕುಣಿದ: "ಕಾ! ಕಾ! ಕಾ!"