ಸಂಕವ್ವನ ರಾಜ ಹಾರಿದ್ದು

ಬಹಳ ಹಿಂದಿನ ಮಾತು. ಕಂಪ್ಯೂಟರುಗಳಲ್ಲೂ ನೂರೆಂಟು ಕುಲಗಳಿದ್ದ ಕಾಲ. ಒಂದಕ್ಕೆ ಬರೆದ ಪ್ರೋಗ್ರಾಮು ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲವಂತೆ, ಒಬ್ಬರ ಊಟ ಇನ್ನೊಬ್ಬರಿಗೆ ಒಗ್ಗದ ಹಾಗೆ. ಆಗ ಒಂದು ನೇಕಾರರ ಊರಿನಲ್ಲಿ ಸಂಕವ್ವ ಅನ್ನುವ ಹೆಣ್ಣುಮಗಳಿದ್ದಳು. ಅಲ್ಲಿನ ಸಂಘದಲ್ಲಿ ಸೀರೆಯಂಚಿಗೆ ಚಿತ್ರ ಬಿಡಿಸುವ ಒಂದು ಕಂಪ್ಯೂಟರಿತ್ತು. ಅಂಥದ್ದು ಸುತ್ತಮುತ್ತ ಎಲ್ಲೂ ಇರಲಿಲ್ಲ. ಅದನ್ನು ನಡೆಸುವವಳು ಅವಳೇ.

ಅವಳ ಮಾವ ಚನಮಲ್ಲಪ್ಪ ಚದುರಂಗದ ಹುಲಿ. ಆದರೆ ಗೆದ್ದು ಸುಮ್ಮನಿರುವ ಜೀವವಲ್ಲ, ಸೋತವರನ್ನು ವಾರಗಟ್ಟಲೆ ಛೇಡಿಸುತ್ತಿದ್ದ. ಹಾಗಾಗಿ ಹಳೆಯ ಜೊತೆಗಾರ ತೀರಿಕೊಂಡ ಮೇಲೆ ಅವನೆದುರು ಕೂರುವವರೇ ಇಲ್ಲವಾದರು. ಮುದುಕ ಗೋಡೆಗೆ ಮುಖ ಮಾಡಿ ಮಲಗಿದ. ರೊಟ್ಟಿ ಮುಟ್ಟಲಿಲ್ಲ. ಹೀಗೇ ಬಿಟ್ಟರೆ ಮಾವ ಉಳಿಯುವುದಿಲ್ಲ ಅನ್ನಿಸಿತು ಸಂಕವ್ವನಿಗೆ.

ಕಂಪ್ಯೂಟರು ಚದುರಂಗ ಆಡುತ್ತದಂತೆ ಎಂದು ಕೇಳಿ ಪೇಟೆಗೆ ಹೋದಳು. ಅಂಗಡಿ ಅಂಗಡಿಯಲ್ಲೂ ಒಂದೇ ಮಾತು: ಎಲ್ಲದಕ್ಕೂ ಇದೆ, ನಿಮ್ಮದಕ್ಕೆ ಮಾತ್ರ ಇಲ್ಲ.

"ಇಲ್ಲಂದ್ರ ನಾನ ಮಾಡ್ತೀನಿ" ಅಂದಳಂತೆ.

ಅವಳ ಯಂತ್ರಕ್ಕೆ ಚೌಕದ ಮನೆಗಳು ಗೊತ್ತು. ಆನೆ, ಕುದುರೆ, ಒಂಟೆ ಸೀರೆಯಂಚಿನ ಚಿತ್ರಗಳಲ್ಲಿ ಆಗಲೇ ಇವೆ. ನಡೆಯಲು ಕಲಿಸಿದರಾಯಿತಲ್ಲ. ಪೇಟೆಯಿಂದ ಆಟದ ಪುಸ್ತಕ ತಂದು ಕಲಿಸಿದಳು, ಕೆಟ್ಟಿತು. ಮತ್ತೆ ಕಲಿಸಿದಳು. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಹಾಗೆ ಯಂತ್ರಕ್ಕೂ ಆಟ ಬಂತು.

ಮಾವನನ್ನು ಕೈಹಿಡಿದು ಕರೆತಂದು ಕೂರಿಸಿದಳು. ಆಟ ರಂಗೇರಿತು. ಚನಮಲ್ಲಪ್ಪ ತನ್ನ ರಾಜನನ್ನು ಕುದುರೆಯಂತೆ ಹಾರಿಸಿದ. ಶಹ ಬೀಳುವ ಮೊದಲು ರಾಜ ಒಮ್ಮೆ ಹಾಗೆ ಹಾರಬಹುದೆಂಬುದು ಆ ಊರ ಹಿರಿಯರ ಕ್ರಮ. ಪೇಟೆಯ ಪುಸ್ತಕದಲ್ಲಿ ಅದಿರಲಿಲ್ಲ, ಯಂತ್ರ ಒಪ್ಪಲಿಲ್ಲ.

"ಇದು ನಮ್ಮೂರ ಆಟ ಅಲ್ಲ ಬಿಡವಾ" ಎಂದು ಮುದುಕ ಎದ್ದುಹೋಗಿ ಮತ್ತೆ ಗೋಡೆಗೆ ಮುಖ ಮಾಡಿದ.

ಸಂಕವ್ವ ಅತ್ತಳಂತೆ. ಅತ್ತು, ಮುಖ ತೊಳೆದುಕೊಂಡು, ಯಂತ್ರಕ್ಕೆ ರಾಜನ ಹಾರಿಕೆ ಕಲಿಸಲು ಕೂತಳು.

ಮಾವನನ್ನು ಒಪ್ಪಿಸಿ ಮತ್ತೆ ಕರೆತಂದಳು. ಮರು ಆಟಕ್ಕೆ ಊರೇ ನೆರೆಯಿತು. ಮಾವ ಯಂತ್ರದ ರಾಜನನ್ನು ಮೂಲೆಗೆ ಒತ್ತಿದ. ಇನ್ನೇನು ಶಹ ಕೊಡಬೇಕು, ಕೈ ಆಗಲೇ ಮೀಸೆಗೆ ಹೋಗಿತ್ತು. ಅಷ್ಟರಲ್ಲಿ ಯಂತ್ರದ ರಾಜ ಟಣ್ಣನೆ ಹಾರಿ ಹೊರಬಿದ್ದ. ಕೊನೆಗೆ ಸೋತವನು ಚನಮಲ್ಲಪ್ಪನೇ. ಮುದುಕ ಈಗ ಸಿಟ್ಟಿಗೇಳುತ್ತಾನೆಂದು ಸುತ್ತ ಕೂತವರು ಹಿಂದೆ ಸರಿದರು. ಮುದುಕ ಗಹಗಹಿಸಿ ನಕ್ಕ. "ನಮ್ಮ ಸೊಸಿ ನನ್ನ ಸೋಲಿಸ್ಯಾಳ್ರಪ್ಪೋ" ಎಂದು ಓಣಿಗೆಲ್ಲ ಸಾರಿ, ಮನೆಗೆ ಬಂದು ರೊಟ್ಟಿ ಕೇಳಿ ಉಂಡ. ಬಡಿಸುವಾಗ ಸಂಕವ್ವನಿಗೆ ಕಾಲು ನೆಲಕ್ಕೆ ತಾಗದಷ್ಟು ಸಂತೋಷವಂತೆ.

ಆ ಯಂತ್ರ ಈಗಿಲ್ಲ. ಆದರೆ ಆ ಊರಿನಲ್ಲಿ ರಾಜ ಹಾರಿದರೆ ಇಂದಿಗೂ "ಸಂಕವ್ವ ಬಂದ್ಲು" ಅನ್ನುತ್ತಾರೆ. ಆಟ ಮುಗಿದ ಮೇಲೆ ಯಾರೂ ಯಾರನ್ನೂ ಛೇಡಿಸುವುದಿಲ್ಲ. ಗೆದ್ದವನು ಸೋತವನನ್ನು ಮನೆಗೆ ಕರೆದೊಯ್ದು ಬಿಸಿ ರೊಟ್ಟಿ ಉಣ್ಣಿಸುತ್ತಾನೆ.