ಹಿಮದ ಚಂದ್ರನಿಗೆ ಏನೂ ಇಲ್ಲದ ಪಾತ್ರೆ

“ಗುರುಗಳೇ, ಹುಡುಕಿದವರೆಲ್ಲರಿಗೂ ಸಿಗುವುದಿಲ್ಲ. ಸಿಗದೆ ಹೋದವರ ಶ್ರಮ ಎಲ್ಲಿಗೆ ಹೋಗುತ್ತದೆ?”

ಪಾಠ ಮುಗಿದು ಉಳಿದವರು ಎದ್ದು ಹೋದ ಮೇಲೆ ಶಿಷ್ಯ ಹೀಗೆ ಕೇಳಿದ. ಗುರು ಈ ಕತೆ ಹೇಳಿದರು.

ನೀಲಾಂಬಿಕೆ ಎಂಬ ಶೋಧಕಿ ಇದ್ದಳು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಅಭ್ಯಾಸವೇ ಅವಳ ಕಸುಬು. ಶನಿಗ್ರಹವನ್ನು ಸುತ್ತುವ ಒಂದು ಪುಟ್ಟ ಚಂದ್ರನಿದೆ. ಅದರ ಮೈಯೆಲ್ಲ ಹಿಮ. ಹಿಮದ ಅಡಿಯಲ್ಲಿ ಕಡಲು. ಹಿಮ ಬಿರುಕು ಬಿಟ್ಟ ಕಡೆ ಆ ಕಡಲಿನ ನೀರು ಆಕಾಶಕ್ಕೆ ಚಿಮ್ಮುತ್ತದೆ. ಚಿಮ್ಮಿದ ನೀರನ್ನು ಹಿಡಿದು, ಅದರಲ್ಲಿ ಜೀವ ಇದೆಯೇ ಎಂದು ನೋಡಬೇಕು. ಇದೊಂದೇ ಆಸೆಯಲ್ಲಿ ಅವಳು ಹರೆಯ ಕಳೆದಳು.

ಅವಳ ಜೊತೆಗೆ ಯಾಕೂಬ್ ಎಂಬ ಲೋಹದ ಕೆಲಸದ ಕುಶಲಕರ್ಮಿ ಇದ್ದ. ಇಬ್ಬರೂ ಸೇರಿ ಒಂದು ಯಂತ್ರ ಮಾಡಿದರು. ತೆಂಗಿನಕಾಯಿಗಿಂತ ದೊಡ್ಡದಲ್ಲ. ಒಂದು ಹನಿ ನೀರು ಹಾಕಿದರೆ ಅದರಲ್ಲಿ ಜೀವವಿದೆಯೋ ಇಲ್ಲವೋ ಹೇಳುವ ಯಂತ್ರ. ಅದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಆ ಹೊತ್ತಿಗೆ ಶನಿಯ ಆ ಚಂದ್ರನತ್ತ ಹೊರಡುವ ನೌಕೆಯೊಂದು ಸಿದ್ಧವಾಗುತ್ತಿತ್ತು. ಯೋಜನೆಯ ಮುಖ್ಯಸ್ಥ ಹೇಳಿದ: “ಮೊದಲು ಭೂಮಿಯ ಮೇಲೆ ಪರೀಕ್ಷೆ ಆಗಲಿ. ಗೆದ್ದರೆ ನಿಮ್ಮ ಯಂತ್ರಕ್ಕೆ ನೌಕೆಯಲ್ಲಿ ಜಾಗ.”

ದಕ್ಷಿಣ ಧ್ರುವದ ಹಿಮಖಂಡದಲ್ಲಿ, ಎಂಟುನೂರು ಮೀಟರ್ ಹಿಮದ ಕೆಳಗೆ ಒಂದು ಕೆರೆ ಇತ್ತು. ಸಾವಿರಾರು ವರ್ಷ ಬೆಳಕು ಕಾಣದ ಕೆರೆ. ಬಿಸಿನೀರಿನ ಧಾರೆಯಿಂದ ಹಿಮ ಕರಗಿಸುತ್ತಾ ಅಷ್ಟು ಆಳಕ್ಕೆ ತೂತು ಕೊರೆಯತೊಡಗಿದರು. ಎರಡು ಬೇಸಿಗೆ ಗಾಳಿಯ ಹೊಡೆತಕ್ಕೆ ಸಿಕ್ಕಿ ಬರಿಗೈಯಲ್ಲಿ ಮರಳಿದರು. ಯಾಕೂಬನ ಎರಡು ಬೆರಳು ಚಳಿಗೆ ಮರಗಟ್ಟಿ ಕತ್ತರಿಸಬೇಕಾಯಿತು. ಮೂರನೆಯ ಬೇಸಿಗೆಯಲ್ಲಿ ಕೆರೆ ಮುಟ್ಟಿದರು. ಒಂದು ಸೀಸೆ ನೀರು ಮೇಲೆ ಬಂತು. ಮೂರೇ ದಿನದಲ್ಲಿ ತೂತು ಮತ್ತೆ ಹೆಪ್ಪುಗಟ್ಟಿ ಮುಚ್ಚಿಹೋಯಿತು.

ಯಂತ್ರಕ್ಕೆ ಹನಿ ಹಾಕಿದರು. ಯಂತ್ರ ಹೇಳಿತು: ಜೀವವಿದೆ.

ಯಾಕೂಬ್ ಹಿಮದ ಮೇಲೆ ಮೊಣಕಾಲೂರಿ ಅತ್ತ. ಸುದ್ದಿ ಕೇಳಿದ ಮುಖ್ಯಸ್ಥ ಸಭೆ ಕರೆದ. ಹತ್ತು ದೇಶಗಳ ವಿದ್ವಾಂಸರ ಮುಂದೆ ನೀಲಾಂಬಿಕೆಯೇ ಸಂಗತಿ ಸಾರಬೇಕೆಂದು ತೀರ್ಮಾನವಾಯಿತು.

ಸಿಕ್ಕ ಜೀವಿಗಳನ್ನು ಬೇರೆ ಬೇರೆ ಬಿಸಿಯಲ್ಲಿಟ್ಟು ಬೆಳೆಸಿ ನೋಡುವುದು ಅವಳ ರೂಢಿ. ಊರಿಗೆ ಮರಳಿದ ಮೇಲೆ ಹಾಗೆಯೇ ಮಾಡಿದಳು. ಕೆರೆಯ ಚಳಿಯಲ್ಲಿಟ್ಟ ತಟ್ಟೆಯಲ್ಲಿ ಅವು ಸತ್ತಂತೆ ಬಿದ್ದಿದ್ದವು. ಮನುಷ್ಯನ ಮೈಬಿಸಿಯಷ್ಟೇ ಬಿಸಿಯಿದ್ದ ತಟ್ಟೆಯಲ್ಲಿ ಒಂದೇ ದಿನಕ್ಕೆ ತುಂಬಿಕೊಂಡವು.

ಅವಳು ಆ ತಟ್ಟೆಯ ಮುಂದೆ ಬಹಳ ಹೊತ್ತು ಕುಳಿತಳು. ಸಾವಿರಾರು ವರ್ಷ ಹಿಮದಡಿಯಲ್ಲಿ ಇದ್ದ ಜೀವಕ್ಕೆ ಮೈಬಿಸಿಯ ರುಚಿ ಹತ್ತಿದ್ದು ಹೇಗೆ? ಎದ್ದು ಹೋಗಿ, ಹಿಮಖಂಡದಲ್ಲಿ ಸೀಸೆ ಹಿಡಿದಾಗ ತೊಟ್ಟಿದ್ದ ಕೈಗವಸನ್ನು ಹುಡುಕಿ ತಂದಳು. ಬೆಳಕಿಗೆ ಹಿಡಿದಳು. ಕಿರುಬೆರಳಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ತನ್ನ ಕಿರುಬೆರಳನ್ನು ಹತ್ತಿಯಿಂದ ಒರೆಸಿ, ಅದರಲ್ಲಿದ್ದ ಜೀವಿಗಳನ್ನೂ ಬೆಳೆಸಿದಳು. ಎರಡೂ ಒಂದೇ ಆಗಿದ್ದವು.

ಯಾಕೂಬನನ್ನು ಕರೆದು ತೋರಿಸಿದಳು.

“ಅಕ್ಕಾ, ನಾಡಿದ್ದು ಸಭೆ. ಕೆರೆಯಲ್ಲೂ ಜೀವ ಇರಬಾರದು ಅಂತೇನಿಲ್ಲವಲ್ಲ?”

“ಇರಬಹುದು ಯಾಕೂಬ್. ನಾವು ಕಂಡದ್ದು ಮಾತ್ರ ನನ್ನ ಬೆರಳನ್ನು.”

“ನನ್ನ ಬೆರಳು ಹೋದದ್ದು ಇದಕ್ಕೇನಾ?” ಎಂದ ಅವನು. ಅವಳು ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕುಳಿತಳು.

ಮುಖ್ಯಸ್ಥನ ಬಳಿಗೂ ಹೋಗಿ ತಿಳಿಸಿದಳು. ಅವನು ಕೆಟ್ಟವನಲ್ಲ. ನೌಕೆ ಹೊರಡುವ ದಿನ ನಿಗದಿಯಾಗಿತ್ತು, ಅವನ ಮೇಲೂ ಒತ್ತಡವಿತ್ತು. “ನೀವು ಸುಮ್ಮನಿದ್ದರೆ ಯಂತ್ರ ನೌಕೆ ಏರುತ್ತದೆ. ಹೇಳಿದರೆ ಇಳಿಯುತ್ತದೆ. ಯೋಚಿಸಿ,” ಎಂದ.

ನೀಲಾಂಬಿಕೆ ಹೇಳಿದಳು: “ಶನಿಯ ತನಕ ಹೋಗಿ ನನ್ನ ಕೈಯನ್ನೇ ನೋಡಿ ಬರುವುದಾದರೆ ಅಷ್ಟು ದೂರ ಯಾಕೆ ಹೋಗಬೇಕು ಸ್ವಾಮಿ?”

ಸಭೆಯಲ್ಲಿ ಅವಳು ಹತ್ತೇ ನಿಮಿಷ ಮಾತನಾಡಿದಳು. ಹರಿದ ಕೈಗವಸನ್ನು ಎತ್ತಿ ತೋರಿಸಿದಳು. ಕೆಲವರು ನಕ್ಕರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ವಾಂಸ ಗೌರವದಿಂದ ಎದ್ದು ನಿಂತ. ಅವನನ್ನು ನೋಡಿ ಇನ್ನಿಬ್ಬರು ಎದ್ದರು. ಅಷ್ಟೇ. ಯಂತ್ರವನ್ನು ನೌಕೆಯಿಂದ ಇಳಿಸಿದರು. ಆ ಜಾಗಕ್ಕೆ ಒಂದು ಕ್ಯಾಮೆರಾ ಹೋಯಿತು. ನೌಕೆ ಆಕಾಶಕ್ಕೆ ಏರಿದ ದಿನ ಅವಳೂ ಯಾಕೂಬನೂ ಜನರ ನಡುವೆ ನಿಂತು ನೋಡಿದರು. ಹೊಗೆ ಕರಗಿದ ಮೇಲೆ ಅವಳು ಮೆಟ್ಟಿಲ ಮೇಲೆ ಕುಳಿತು ಅತ್ತಳು. ಅತ್ತು ಮುಗಿಸಿ, “ಸೋಮವಾರ ಬೇಗ ಬಾ,” ಎಂದು ಯಾಕೂಬನಿಗೆ ಹೇಳಿದಳು.

ಅಂದಿನಿಂದ ಅವಳು ಜೀವವನ್ನು ಹುಡುಕಲಿಲ್ಲ. ನೀರು ಹಿಡಿಯಲು, ಜೀವವೇ ಇಲ್ಲದ ಒಂದು ಪಾತ್ರೆ ಮಾಡಲು ಹೊರಟಳು. ತಮ್ಮದೇನೂ ಒಳಗೆ ಇಲ್ಲ ಎಂದು ಆಣೆ ಇಟ್ಟು ಹೇಳಬಹುದಾದ ಪಾತ್ರೆ. ಇದು ಯಂತ್ರಕ್ಕಿಂತ ಕಷ್ಟವಾಯಿತು. ಕಾಯಿಸಿದರೂ ಕೆಲವು ಜೀವಿಗಳು ಉಳಿದವು. ವಿಷದಲ್ಲಿ ತೊಳೆದರೆ ಆ ವಿಷವನ್ನೇ ತಿಂದು ಬದುಕುವ ಜೀವಿಯೊಂದು ಸಿಕ್ಕಿತು. ಅವಳು ಬೇಸರದಲ್ಲೂ ನಕ್ಕು, “ಎಷ್ಟು ಗಟ್ಟಿ ಇದೆ ನೋಡೋ ಇದು!” ಎಂದು ಯಾಕೂಬನಿಗೆ ತೋರಿಸಿದಳು. ಪ್ರತಿ ಸೋಲನ್ನೂ ತನ್ನ ಹೆಸರು ಹಾಕಿ ಪ್ರಕಟಿಸಿದಳು. ಇದು ನನ್ನ ಉಸಿರಿನದು, ಇದು ನೆಲ ಒರೆಸಿದ ನೀರಿನದು, ಇದು ನನ್ನ ತಲೆಗೂದಲಿನದು ಎಂದು ಬರೆದಳು. ಇಷ್ಟು ತಪ್ಪು ಮಾಡಿದವಳು ಇನ್ನೊಬ್ಬಳಿಲ್ಲ ಎಂದು ಜನ ಆಡಿಕೊಂಡರು. ಹದಿನಾಲ್ಕು ವರ್ಷ ಹೀಗೆ ಕಳೆಯಿತು. ಒಂದು ದಿನ ಪಾತ್ರೆಯಲ್ಲಿ ಏನೂ ಸಿಗಲಿಲ್ಲ. ನೂರು ಸಲ ನೋಡಿದಳು. ನೂರು ಸಲವೂ ಸಿಗಲಿಲ್ಲ.

ಆ ವೇಳೆಗೆ ಬೇರೊಂದು ದೇಶದವರು ಅದೇ ಚಂದ್ರನಿಗೆ ಎರಡನೆಯ ನೌಕೆ ಕಟ್ಟುತ್ತಿದ್ದರು. ಯಂತ್ರ ಅವರದು, ಹೆಸರೂ ಅವರದು. ಅವರಿಗೆ ಅವಳ ಪಾತ್ರೆಯ ವಿಧಾನ ಬೇಕಾಗಿತ್ತು. ಅವಳು ಏನನ್ನೂ ಬಚ್ಚಿಡದೆ ಕಲಿಸಿಕೊಟ್ಟಳು. ಕೈಗವಸು ತೊಡುವುದನ್ನಂತೂ ಅವರ ಪಕ್ಕದಲ್ಲೇ ನಿಂತು, ಮಕ್ಕಳಿಗೆ ಅಕ್ಷರ ತಿದ್ದಿಸುವಂತೆ ತಿದ್ದಿಸಿದಳು. ನೌಕೆ ಹೊರಟಿತು. ದಾರಿ ಹಲವು ವರ್ಷಗಳದ್ದು. ಅದು ಇನ್ನೂ ಅರ್ಧದಾರಿಯಲ್ಲಿದ್ದಾಗ ನೀಲಾಂಬಿಕೆ ತೀರಿಕೊಂಡಳು.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು.

“ಹಾಗಾದರೆ ಅವಳಿಗೆ ಕಡೆಗೂ ಏನೂ ಸಿಗಲಿಲ್ಲವಲ್ಲ ಗುರುಗಳೇ?”

ಗುರು ಹೇಳಿದರು: “ನಾಳೆ ಆ ನೌಕೆ ‘ಇಲ್ಲಿ ಜೀವವಿದೆ’ ಅಂದರೆ, ನಾವು ನಂಬುವುದು ‘ಪಾತ್ರೆಯಲ್ಲಿ ನಮ್ಮದೇನೂ ಇರಲಿಲ್ಲ’ ಎಂಬ ಅವಳ ಮಾತನ್ನು.”